ಬಿಚ್ಚದ ಕೈ

ನನ್ನ ಬಲಗೈಯ ಉಂಗುರದ ಬೆರಳು ನೆಟ್ಟಗಿಲ್ಲ ಅನ್ನೋದನ್ನು ಮೊದಲು ಪತ್ತೆ ಹಚ್ಚಿದ್ದು ಡಾಕ್ಟರಲ್ಲ, ಆಧಾರ್ ಯಂತ್ರ. ಬೆರಳಚ್ಚು ಹೊಸದಾಗಿ ಕೊಡಲು ಹೋಗಿದ್ದೆ. ನಾಲ್ಕು ಬೆರಳನ್ನೂ ಒಟ್ಟಿಗೆ ಗಾಜಿನ ಮೇಲೆ ಇಡಬೇಕು. ಮೂರು ಕೂತವು. ಉಂಗುರದ ಬೆರಳು ಮಾತ್ರ ಮುನಿಸಿಕೊಂಡ ಬೀಗರ ಹಾಗೆ ಎದ್ದೇ ನಿಂತಿತ್ತು.

"ಒತ್ತು ತಾತ."

"ಒತ್ತೀನಪ್ಪ."

"ಇನ್ನಾ ಒತ್ತು."

ಕೊನೆಗೆ ಹುಡುಗನೇ ಎದ್ದು ಬಂದು ನನ್ನ ಕೈಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿದ. ಯಂತ್ರ ಕೆಂಪು ದೀಪ ತೋರಿಸಿತು. ಹಿಂದೆ ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ನನ್ನ ಹಳೇ ವಿದ್ಯಾರ್ಥಿಗಳು. ಮೂವತ್ತು ವರ್ಷ "ಕೈ ಚಾಚೋ" ಅಂತ ಬೆತ್ತ ಹಿಡಿದು ಗದರಿಸಿದ ಮೇಷ್ಟ್ರಿಗೆ ಈಗ ಕೈ ಚಾಚಲು ಬರುತ್ತಿಲ್ಲ ಎಂಬುದನ್ನು ಅವರು ಎಷ್ಟು ಆಸ್ವಾದಿಸಿದರೆಂದು ಅವರ ಮೌನವೇ ಹೇಳುತ್ತಿತ್ತು.

ಮನೆಗೆ ಬಂದು ಅಂಗೈ ನೋಡಿಕೊಂಡೆ. ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು. ಅಲ್ಲಿಂದ ಬೆರಳಿನತ್ತ ಚರ್ಮದ ಕೆಳಗೆ ಒಂದು ಹುರಿ. ನೋವಿಲ್ಲ, ಬಾವಿಲ್ಲ. ಮಡಚಲು ಬರುತ್ತದೆ, ಬಿಚ್ಚಲು ಬರುವುದಿಲ್ಲ. ನನ್ನವಳು ಕನ್ನಡಕ ಏರಿಸಿ ನೋಡಿ, "ನಿಮ್ಮ ಕೈ ಬಿಚ್ಚಲ್ಲ ಅನ್ನೋದು ಮದುವೆಯಾದ ವಾರಕ್ಕೇ ನಂಗೊತ್ತಿತ್ತು ಬಿಡ್ರಿ" ಅಂದಳು. ಕೈ ಚಾಚುವ ಗತಿ ಬಾರದಿರಲಿ ಮಗನೇ ಎಂದು ಅವ್ವ ಹರಸುತ್ತಿದ್ದಳು. ಅದು ಇಷ್ಟು ಅಕ್ಷರಶಃ ಫಲಿಸೀತು ಅಂದುಕೊಂಡಿರಲಿಲ್ಲ.

ತೊಂದರೆ ದೊಡ್ಡದಲ್ಲ, ಆದರೆ ದಿನವಿಡೀ ಇರುತ್ತದೆ. ಮುಖ ತೊಳೆಯುವಾಗ ಬೆರಳು ಮೂಗಿನೊಳಕ್ಕೆ ಹೋಗುತ್ತದೆ. ಜುಬ್ಬಾದ ಜೇಬಿಗೆ ಹೋದ ಕೈ ಕೊಕ್ಕೆಯಂತೆ ಸಿಕ್ಕಿಕೊಂಡು ಜೇಬನ್ನೇ ಹೊರಗೆ ಎಳೆದು ತರುತ್ತದೆ. ಕೈ ಮುಗಿದರೆ ಎರಡು ಅಂಗೈ ನಡುವೆ ಗುಬ್ಬಿ ಗೂಡು ಕಟ್ಟುವಷ್ಟು ಜಾಗ. ಲಾಭ ಒಂದೇ, ತೀರ್ಥ. ನಾಯಕನಹಟ್ಟಿಯ ಜಾತ್ರೆಯ ನೂಕಾಟದಲ್ಲೂ ಒಂದು ಹನಿ ಚೆಲ್ಲುವುದಿಲ್ಲ, ದೇವರು ಅಂಗೈಯನ್ನೇ ಉದ್ಧರಣೆ ಮಾಡಿಟ್ಟಿದ್ದಾನೆ.

ಆಪರೇಷನ್ ಮಾತ್ರ ಬೇಡ ಎಂದು ಮೊದಲ ದಿನವೇ ಘೋಷಿಸಿಬಿಟ್ಟೆ. ನಮ್ಮ ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟವೇ ರಾವಣ ರೆಕ್ಕೆ ಕತ್ತರಿಸಿದ ಜಟಾಯು ಬಿದ್ದ ಜಾಗ ಅನ್ನುತ್ತಾರೆ. ಕತ್ತರಿಸುವ ಬಾಬತ್ತಿಗೆ ಈ ತಾಲ್ಲೂಕು ಅಷ್ಟು ಕೊಟ್ಟದ್ದು ಸಾಕು.

ಕತ್ತಿ ಬೇಡ ಎಂದ ಕೂಡಲೇ ಊರಿಗೆ ಊರೇ ವೈದ್ಯಶಾಲೆಯಾಯಿತು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಅಲ್ಲಿಯ ನಮ್ಮ ಷಡ್ಡಕರಿಗೆ ಜಗತ್ತಿನ ಯಾವ ಕಾಯಿಲೆಯಾದರೂ ಎಣ್ಣೆ ಕಡಿಮೆಯಾಗಿ ಬಂದದ್ದೇ. ಬೆಚ್ಚಗಿನ ಶೇಂಗಾ ಎಣ್ಣೆ ಒಂದು ತಿಂಗಳು, ಹರಳೆಣ್ಣೆ ಇನ್ನೊಂದು ತಿಂಗಳು. ಬೆರಳು ಬಿಚ್ಚಲಿಲ್ಲ, ಬಾಗಿಲ ಚಿಲಕ, ಮೊಬೈಲು, ಸ್ಟೀಲಿನ ಲೋಟ ಎಲ್ಲ ಕೈ ಜಾರಿದವು. ಎದುರು ಮನೆಯ ಅಜ್ಜಿ ಉಪ್ಪಿನ ಗಂಟಿನ ಶಾಖ ಹೇಳಿದಳು. ಹಟ್ಟಿಯ ದೊಡ್ಡಪ್ಪ ಕುರಿ ಕೊಬ್ಬು ಹಚ್ಚಿಸಿದ. ಅದರಿಂದ ಬೀದಿ ನಾಯಿಗಳಲ್ಲಿ ನನ್ನ ಗೌರವ ಹೆಚ್ಚಿತು. ಪುತ್ತೂರು ಕಟ್ಟು ಕಟ್ಟಿಸಿಕೊಂಡು ಬಾ ಎಂದವರು ಒಂಬತ್ತು ಮಂದಿ. ಮೂಳೆ ಮುರಿದಿಲ್ಲವಲ್ಲ ಎಂದರೆ, "ಕಟ್ಟಿದ್ರೆ ಏನ್ ಕಳ್ಕಂತೀರ?" ಅನ್ನುವರು. ಕೊನೆಗೆ ನಾನೇ ಬಿದಿರ ಚಕ್ಕೆಗೆ ಬೆರಳನ್ನು ಬಿಗಿದು ರಾತ್ರಿ ಮಲಗಿದೆ. ನಿದ್ದೆಯಲ್ಲಿ ಸೊಳ್ಳೆ ಹೊಡೆಯಲು ಹೋಗಿ ಹುಬ್ಬು ಒಡೆದುಕೊಂಡೆ.

ಸರಿಯಾದ ಮಾತು ಆಡಿದವನು ಮೊಳಕಾಲ್ಮೂರಿನ ನನ್ನ ನೇಕಾರ ಗೆಳೆಯ. ಗುಂಡಿ ಮಗ್ಗದಿಂದ ಮೇಲೇಳದೆ, ನನ್ನ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹುರಿಯ ಮೇಲೆ ಹೆಬ್ಬೆರಳನ್ನು ಹಿಂದಕ್ಕೂ ಮುಂದಕ್ಕೂ ಎರಡು ಸಲ ಎಳೆದ. "ಹಾಸಿನಾಗೆ ಒಂದು ಎಳೆ ಬಿಗಿಯಾಗೈತೆ ಮೇಷ್ಟ್ರೇ. ಬೆರಳು ಕೆಟ್ಟಿಲ್ಲ, ಎಳೆ ಎಳ್ಕಂಡೈತೆ" ಅಂದ.

ದಾವಣಗೆರೆಯ ಡಾಕ್ಟರು ಇದನ್ನೇ ಫೀಸು ತೆಗೆದುಕೊಂಡು ಹೇಳಿದರು. ಅಂಗೈ ಚರ್ಮದ ಅಡಿಯಲ್ಲಿ ಹಾಳೆಯಂಥ ಒಂದು ಪೊರೆ ಇದೆಯಂತೆ. ಅದು ದಪ್ಪವಾಗಿ, ಹುರಿಗಟ್ಟಿ, ಬೆರಳನ್ನು ಎಳೆಯುತ್ತದೆ. ಕೆಟ್ಟಿರುವುದು ಸ್ನಾಯುರಜ್ಜು ಅಲ್ಲ, ಈ ಪೊರೆ ಎಂದು 1831ರಲ್ಲಿ ಪ್ಯಾರಿಸ್ಸಿನಲ್ಲಿ ಪಾಠ ಮಾಡಿ ತೋರಿಸಿದವನು ಡುಪ್ಯುಟ್ರನ್. ಆದ್ದರಿಂದ ಕಾಯಿಲೆಗೆ ಅವನ ಹೆಸರು. ಆ ಹೆಸರನ್ನು ನಮ್ಮ ಓಣಿಯಲ್ಲಿ ಹೇಳಲು ಹೋಗಿ ಸೋತೆ. ಈಗ ಎಲ್ಲರೂ "ಮೇಷ್ಟ್ರಿಗೆ ಡೂಪ್ಲಿಕೇಟ್ ಕಾಯಿಲೆ" ಅನ್ನುತ್ತಾರೆ.

"ಇದಕ್ಕೆ ವೈಕಿಂಗ್ ಕಾಯಿಲೆ ಅಂತಲೂ ಹೆಸರುಂಟು. ಉತ್ತರ ಯುರೋಪಿನವರಲ್ಲಿ ಜಾಸ್ತಿ, ನಮ್ಮಲ್ಲಿ ಕಡಿಮೆ. ಸಕ್ಕರೆ ಇದ್ದವರಿಗೆ ಬರೋದುಂಟು. ನಿಮಗೆ ಸಕ್ಕರೆ ಇದೆಯಾ?" ಅಂದರು ಡಾಕ್ಟರು. ಇದೆ ಅಂದೆ. ಆದರೂ ವೈಕಿಂಗ್ ವಿಷಯ ಮನಸ್ಸಿಗೆ ಹತ್ತಿತು. ನಮ್ಮ ವಂಶದಲ್ಲಿ ಹಡಗು ಹತ್ತಿದವರಿರಲಿ, ಚಿನ್ನಹಗರಿಯಲ್ಲಿ ಮೊಣಕಾಲುದ್ದ ನೀರು ಕಂಡವರೇ ಅಪರೂಪ. ಮೇಷ್ಟ್ರ ಚಟ, ಮನೆಗೆ ಬಂದು ಹುಡುಕಿ ಓದಿದೆ. 2023ರಲ್ಲಿ ಸ್ವೀಡನ್ನಿನ ಸಂಶೋಧಕರು ಇದರ ಅಪಾಯ ಹೆಚ್ಚಿಸುವ 61 ವಂಶವಾಹಿ ಗುರುತು ಪತ್ತೆ ಮಾಡಿ, ಅವುಗಳಲ್ಲಿ ಮೂರು ನಿಯಾಂಡರ್ತಾಲ್ ಮಾನವರಿಂದ ಬಂದವು ಎಂದಿದ್ದಾರೆ. ನನ್ನವಳಿಗೆ ಓದಿ ಹೇಳಿದೆ. "ಅವರು ನಿಮ್ಮ ತಂದೆ ಕಡೆಯವರಾ, ತಾಯಿ ಕಡೆಯವರಾ?" ಅಂತ ಕೇಳಿದಳು.

ಕತ್ತಿಯಿಲ್ಲದ ದಾರಿಗಳನ್ನು ಡಾಕ್ಟರು ಒಂದೊಂದಾಗಿ ತೆರೆದು, ತೆರೆದ ಕೈಯಲ್ಲೇ ಮುಚ್ಚಿದರು. ಹುರಿಯನ್ನು ಕರಗಿಸುವ ಇಂಜೆಕ್ಷನ್ ಉಂಟು, ಒಂದು ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ. ಅಮೆರಿಕದವರು 2010ರಲ್ಲಿ ಒಪ್ಪಿದರು, ಯುರೋಪಿನ ಮಾರುಕಟ್ಟೆಯಿಂದ ಕಂಪನಿಯವರೇ 2020ರಲ್ಲಿ ವಾಪಸು ತೆಗೆದರು. ಚುಚ್ಚಿದ ಮೇಲೆ ಒಂದೆರಡು ದಿನ ಬಿಟ್ಟು ಡಾಕ್ಟರು ಬೆರಳನ್ನು ಎಳೆದು ನೆಟ್ಟಗೆ ಮಾಡುತ್ತಾರಂತೆ. "ಆಗ ಲಟಕ್ ಅಂತ ಸದ್ದು ಬರಬಹುದು." ಆ ದಾರಿಯನ್ನು ನಾನೇ ಮುಚ್ಚಿದೆ. ಕ್ಷ-ಕಿರಣ ಕೊಡುವ ಪದ್ಧತಿ ಜರ್ಮನಿಯಲ್ಲಿ ರೂಢಿ, ಆದರೆ ಅದು ಬರೀ ಗಂಟು ಇದ್ದಾಗ, ಬೆರಳು ಬಗ್ಗಿದ ಮೇಲಲ್ಲ. ಇನ್ನೊಂದು ಸೂಜಿಯದು. 1970ರ ದಶಕದಲ್ಲಿ ಫ್ರಾನ್ಸಿನ ಸಂಧಿವಾತ ವೈದ್ಯರು ರೂಢಿಗೆ ತಂದದ್ದು. ಅಂಗೈಯನ್ನಷ್ಟೇ ಮರಗಟ್ಟಿಸಿ, ಸೂಜಿಯ ಮೊನೆಯಿಂದ ಹುರಿಯನ್ನು ಅಲ್ಲಲ್ಲಿ ಕುಯ್ದು ಬಿಡಿಸುತ್ತಾರೆ, ಅವತ್ತೇ ಬಸ್ಸು ಹತ್ತಬಹುದು. ಆದರೆ ಹುರಿ ಮತ್ತೆ ಬೆಳೆಯುತ್ತದೆ, ಆಪರೇಷನ್ ಮಾಡಿಸಿದವರಿಗಿಂತ ಬೇಗ.

"ಎಣ್ಣೆ?" ಅಂದೆ.

"ಎಣ್ಣೆಗೆ ಹುರಿ ಕರಗಲ್ಲ. ಕೈ ಮೆತ್ತಗಾಗುತ್ತೆ, ಹಚ್ಕೊಳ್ಳಿ."

ಆಮೇಲೆ ಒಂದು ಕೋನಮಾಪಕ ಹಿಡಿದು ಬೆರಳ ಬುಡವನ್ನು ಅಳೆದರು. ಇಪ್ಪತ್ತು ಡಿಗ್ರಿ. ಮೂವತ್ತರ ಹತ್ತಿರ ಬರುವವರೆಗೆ, ಅಥವಾ ನಡುಗೆಣ್ಣು ಬಗ್ಗುವವರೆಗೆ, ಏನೂ ಮಾಡಬೇಡಿ ಅಂದರು. ಆಗಾಗ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನೋಡಿಕೊಳ್ಳಬೇಕು, ಅಷ್ಟೇ. ಅರವತ್ತೆಂಟು ವರ್ಷದಲ್ಲಿ ನನಗೆ ಯಾರಾದರೂ "ಸುಮ್ಮನಿರಿ" ಎಂದು ಚೀಟಿ ಬರೆದು ಕೊಟ್ಟದ್ದು ಇದೇ ಮೊದಲು. ಮನೆಯಲ್ಲಿ ಬಾಯಿ ಮಾತಲ್ಲಿ ಪುಕ್ಕಟೆ ಸಿಗುತ್ತಿತ್ತು.

ನಮ್ಮ ಮನೆಯ ಮೇಜು ಕುಂಟು. ಹಾಗಾಗಿ ತಿಂಗಳಿಗೊಮ್ಮೆ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಅಶೋಕ ಸಿದ್ದಾಪುರದಿಂದ ಬ್ರಹ್ಮಗಿರಿಯ ಬುಡದತನಕ ಹೋಗುತ್ತೇನೆ. 1892ರಲ್ಲಿ ಬಿ. ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನ ಅಲ್ಲೇ ಇದೆ. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಡದಿಂದ ಬರೆದು ಬರೆದು, ಕೊನೆಗೆ ತಾನು ಲಿಪಿಕಾರ ಎಂಬ ಒಂದೇ ಪದವನ್ನು ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಎಳೆದಿದ್ದಾನೆ. ಎಂಥ ಸಲೀಸಾದ ಕೈ, ನನಗೆ ಹೊಟ್ಟೆಕಿಚ್ಚು. ಚಿಕ್ಕವರೂ ದೊಡ್ಡವರೂ ಪ್ರಯತ್ನ ಮಾಡಲಿ, ಅದು ಒಂದೂವರೆ ಪಟ್ಟು ಬೆಳೆಯಲಿ ಎಂಬುದು ಆ ಬಂಡೆಯ ಮಾತಿನ ತಾತ್ಪರ್ಯ. ಕಿರುಬೆರಳಿಗೂ ಹೆಬ್ಬೆರಳಿಗೂ ನಾನದನ್ನು ಓದಿ ಹೇಳಿದ್ದೇನೆ. ಒಂದೂವರೆ ಪಟ್ಟು ಎಂದರೆ ಇಪ್ಪತ್ತಕ್ಕೆ ಮೂವತ್ತು ಎಂದು ಲೆಕ್ಕ ಹಾಕಿದ ದಿನದಿಂದ ಆ ಸಾಲನ್ನು ಬಿಟ್ಟು ಓದುತ್ತೇನೆ.

ಶಾಸನವನ್ನು ಮುಟ್ಟುವಂತಿಲ್ಲ. ಪಕ್ಕದಲ್ಲಿ ಹೆಸರಿಲ್ಲದ ಬಂಡೆಗಳಿಗೇನು ಬರವೇ? ಮಟ್ಟಸವಾದ ಒಂದನ್ನು ನೋಡಿ ಅಂಗೈ ಊರುತ್ತೇನೆ. ಹೋದ ಸೋಮವಾರವೂ ಊರಿದೆ. ಬೆರಳಿನ ಕೆಳಗೆ ಸಣ್ಣ ಕಮಾನು. ನೋಡುತ್ತಿದ್ದ ಹಾಗೆ ಒಂದು ಕೆಂಪಿರುವೆ ಆ ಕಡೆಯಿಂದ ಹೊಕ್ಕು ಈ ಕಡೆಯಿಂದ ಹೊರಟು ಹೋಯಿತು, ತಲೆ ತಗಲಲಿಲ್ಲ. ಅದರ ಹಿಂದೆ ಬಂದ ಗೊದ್ದ ಮಾತ್ರ ಬಾಗಿಲಲ್ಲಿ ನಿಂತು, ಮೀಸೆಯಾಡಿಸಿ, ಸುತ್ತಿಕೊಂಡು ಹೋಯಿತು. ಅದು ಒಳಗಿಂದಲೇ ಹಾದು ಹೋದ ದಿನ ದಾವಣಗೆರೆ ಬಸ್ಸು ಹತ್ತುತ್ತೇನೆ.