ವಿ.ಸಿ. ನಾಲೆಯ ಪುಕ್ಕಟೆ ಸಲಹೆ

ಬೆಂಗಳೂರಿನ ಕಂಪನಿಯೊಂದರಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದು, ರಾಜೀನಾಮೆ ಬಿಸಾಕಿ, ‘ಇನ್ನು ಕನ್ಸಲ್ಟಿಂಗ್ ಮಾಡಿದರೆ ಹೇಗೆ’ ಎಂದು ಲೆಕ್ಕ ಹಾಕುತ್ತಾ ಊರಿಗೆ ಬಂದೆ. ಮಂಡ್ಯ ಸೀಮೆಯಲ್ಲಿ ಸಲಹೆ ಕೊಡುವವರಿಗೆ ಯಾವತ್ತೂ ಬರವಿಲ್ಲ, ಕೇಳುವವರಿಗೇ ಬರ. ಕೊನೆಗೆ ನಾಲೆಯನ್ನೇ ಮಾತಾಡಿಸಿದೆ.

ನಾನು: ನಮಸ್ಕಾರ. ತಮ್ಮ ಪರಿಚಯ?

ನಾಲೆ: ಕಾರ್ಡುಗೀರ್ಡು ಇಲ್ಲ ಕಣಪ್ಪ. ಕನ್ನಂಬಾಡಿ ಬುಟ್ಟು, ಹುಲಿಕೆರೆ ಸುರಂಗದಾಗೆ ನುಗ್ಗಿ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೋಯ್ತೀನಿ. ಮೊದ್ಲು ವೈಸ್‌ರಾಯ್ ಹೆಸ್ರಲ್ಲಿ ಇರ್ವಿನ್ ನಾಲೆ ಅಂತಿದ್ರು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಅಂದ್ರು. ಕೆಲ್ಸ ಅದೇ. ನಿಂದೂ ಹಂಗೇ ಅಲ್ವಾ? ಮ್ಯಾನೇಜರ್ ಇದ್ದೋನು ಡೈರೆಕ್ಟರ್ ಆದೆ, ಕೂತಿದ್ದು ಅದೇ ಮೀಟಿಂಗು.

ನಾನು: ಅದು ಬಿಡಿ. ಕನ್ಸಲ್ಟಿಂಗ್ ಶುರು ಮಾಡೋಣ ಅಂತಿದ್ದೇನೆ.

ನಾಲೆ: ಮಾಡು. ನನ್ ಹೆಸ್ರಿನೋರೂ ಮಾಡಿದ್ರು. 1884ರಲ್ಲಿ ಬೊಂಬಾಯಿ ಲೋಕೋಪಯೋಗಿ ಇಲಾಖೆ ಸೇರಿ, ಇಪ್ಪತ್ತು ವರ್ಷದ ಮೇಲೆ ದುಡಿದು, ಸಾಕು ಅಂತ ಸ್ವಂತ ಇಷ್ಟದಿಂದ ನಿವೃತ್ತಿ ಕೇಳಿ ಯುರೋಪ್ ತಿರುಗಾಡಕ್ಕೆ ಹೊಂಟ್ರು. 1908ರ ಸೆಪ್ಟೆಂಬರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಕೊಂಡು ಹೋಯ್ತು. ನಿಜಾಮರ ಸರ್ಕಾರ ‘ಬನ್ನಿ ಸ್ವಾಮಿ’ ಅಂತ ಕರೀತು. 1909ರಲ್ಲಿ ಸಲಹೆಗಾರ ಎಂಜಿನಿಯರಾಗಿ ಹೋದ್ರು.

ನಾನು: ನೋಡಿದಿರಾ! ನನ್ನದೂ ಅದೇ ಹಾದಿ.

ನಾಲೆ: ಇರು ಮಗ, ನಿಂಗೆ ಯಾವ ನದಿ ಉಕ್ತು?

ನಾನು: ಲಿಂಕ್ಡ್‌ಇನ್‌ನಲ್ಲಿ ಲೈಕುಗಳು ಉಕ್ಕಿದವು.

ನಾಲೆ: ಅದ್ರಾಗೆ ಯಾರ ಮನೆ ಮುಳುಗ್ತು? ಮನೆ ಮುಳುಗಿದೋನು ತಾನೇ ಸಲಹೆಗೆ ದುಡ್ಡು ಬಿಚ್ಚೋದು. ವಿಶ್ವೇಶ್ವರಯ್ಯನೋರು ಮೂಸಿಗೆ ಮೇಲ್ಗಡೆ ಕಟ್ಟೆ ಹಾಕಿ ಅಂದ್ರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ವು. ನಿನ್ನಂಥೋರು ಯಾರೂ ಹೇಳ್ದೇ ಇರೋ ಇನ್ನೊಂದು ಸಂಗ್ತಿ ಅದೆ. 1909ರ ನವೆಂಬರಿಗೇ ಅವ್ರು ಮೈಸೂರಲ್ಲಿ ಮುಖ್ಯ ಎಂಜಿನಿಯರ್. ಅಂದ್ರೆ ವಾಪಸ್ ನೌಕರಿ! ಆ ನೌಕರೀಲೇ ಕನ್ನಂಬಾಡಿ ಕಟ್ಟೆ ಕೆಲ್ಸ 1911ರಲ್ಲಿ ಶುರುವಾಗಿದ್ದು.

(ಈ ಭಾಗವನ್ನು ನನ್ನ ಹೆಂಡತಿಗೆ ಹೇಳಲಿಲ್ಲ.)

ನಾನು: ನನಗೆ ರೈತರಿಗೆ ಸಲಹೆ ಕೊಡುವ ಆಸೆ. ಕಬ್ಬಿನ ಬಗ್ಗೆ ಸ್ಲೈಡು ಮಾಡಿಟ್ಟಿದ್ದೇನೆ.

ನಾಲೆ: ಮಂಡ್ಯದ ಸಕ್ಕರೆ ಕಾರ್ಖಾನೆ 1933ರದು. ಅದಕ್ಕೆ ಬುದ್ಧಿ ಹೇಳಿದೋರ್ನೆಲ್ಲ ಸಾಲಾಗಿ ನಿಲ್ಸಿದ್ರೆ ಮದ್ದೂರು ಗಂಟ ಬತ್ತದೆ. ಕಬ್ಬು ಅರೆಯೋದು ನಿಂತಾಗ್ಲೂ ಬುದ್ಧಿ ಹೇಳೋದು ನಿಲ್ಲಲಿಲ್ಲ. ಕಬ್ಬಿನ ಬಾಕಿ ದುಡ್ಡು ಯಾವಾಗ ಬತ್ತದೆ ಅನ್ನೋದು ನಿನ್ನ ಎಷ್ಟನೇ ಸ್ಲೈಡಲ್ಲಿ ಅದೆ?

ನಾನು: ‘ಸವಾಲುಗಳು’ ಅಂತ ಇದೆ. ಕೊನೆಯಲ್ಲಿ.

ನಾಲೆ: ಕೊನೆ ಅಂದ್ರೆ ಮಳವಳ್ಳಿ ಕಣಪ್ಪ. ಮೇಲ್ಗಡೆಯೋರು ಗದ್ದೆ ತುಂಬಿಸ್ಕಂಡು ನಿದ್ದೆ ಮಾಡ್ತಾರೆ, ಕೊನೆ ಭಾಗದೋರು ನೀರು ಕೊಡಿ ಅಂತ ರಸ್ತೇಲಿ ಕೂರ್ತಾರೆ. ಸಲಹೇನೂ ನನ್ನ ನೀರಿನಂಗೇ, ಮೊದಲ್ನೇ ತೂಬಲ್ಲೇ ಮುಗಿದೋಯ್ತದೆ.

ನಾನು: ತಮಗೆ ಸಲಹೆಗಾರರು ಇದ್ದಾರೆಯೇ?

ನಾಲೆ: ಒಬ್ರಾ? ನೀರಾವರಿ ಸಲಹಾ ಸಮಿತೀನೇ ಅದೆ! ಕಟ್ಟೇಲಿ ನೀರಿದ್ರೆ ಬುಡೋದು ಹೆಂಗೆ ಅಂತ ಸಭೆ, ಇಲ್ದಿದ್ರೆ ಬುಡದೇ ಇರೋದು ಹೆಂಗೆ ಅಂತ ಸಭೆ. ಚಾ, ಬಿಸ್ಕತ್ತು, ಗದ್ದಲ ಎಲ್ಲಾ ಆದ್ಮೇಲೆ ಬಂದು ತೂಬು ಎತ್ತೋನು ನೀರುಗಂಟಿ. ಅವ್ನ ಮಾತು ಯಾರ ವರದೀಲೂ ಬರಾಕಿಲ್ಲ.

ನಾನು: ದಿನಕ್ಕೆ ಎಷ್ಟು ಫೀಸು ಕೇಳಲಿ?

ನಾಲೆ: ತಿಂಗಳ ಸಂಬಳಾನ ಕೆಲ್ಸದ ದಿನಕ್ಕೆ ಭಾಗಿಸ್ಬುಟ್ಟೀಯ, ಕೆಟ್ಟೋಯ್ತೀಯ. ನಮ್ಮ ಕಟ್ಟು ಪದ್ಧತಿ ಗೊತ್ತಲ್ಲ? ಒಂದಷ್ಟು ದಿನ ನೀರು, ಒಂದಷ್ಟು ದಿನ ಬಂದ್. ನಿಂಗೂ ಇನ್ಮೇಲೆ ಹಂಗೇ. ಬಂದ್ ಇರೋ ದಿನದ ಅನ್ನಾನೂ ಆ ಫೀಸಲ್ಲೇ ಹುಟ್ಟಬೇಕು. ಪಿಎಫ್ ಇಲ್ಲ, ಆಸ್ಪತ್ರೆ ವಿಮೆ ನಿಂದೇ. ಕೊಡೋರು ಟಿಡಿಎಸ್ ಅಂತ ಶೇ 10 ಹಿಡ್ಕೋತಾರೆ. ವರ್ಷಕ್ಕೆ 20 ಲಕ್ಷ ದಾಟಿದ್ರೆ ಶೇ 18 ಜಿಎಸ್‌ಟಿ ಹಾಕ್ಬೇಕು. ನೀನು ದಾಟೋದು ಆಮೇಲಿನ ಮಾತು.

ನಾನು: ಇದೆಲ್ಲ ತಮಗೆ ಹೇಗೆ ಗೊತ್ತು?

ನಾಲೆ: ಸಂಜೆ ಏರಿ ಮೇಲೆ ವಾಕಿಂಗ್ ಬರೋರೆಲ್ಲ ಕೆಲ್ಸ ಬುಟ್ಟು ಬಂದೋರೇ. ಆಡಿಟರ್ ಹತ್ರ ಫೋನಲ್ಲಿ ಕಿರುಚಾಡ್ತಾರೆ.

ನಾನು: ಹಾಗಾದರೆ ಮೊದಲ ಗಿರಾಕಿ ಎಲ್ಲಿ ಸಿಗುತ್ತಾರೆ?

ನಾಲೆ: ನೀನು ಬುಟ್ಟು ಬಂದ ಕಂಪನೀಲೇ. ಒಳಗಿದ್ದಾಗ ಪುಕ್ಕಟೆ ಹೇಳ್ತಿದ್ದೆ, ಯಾರೂ ಕಿವಿಗೆ ಹಾಕ್ಕಳ್ಳಲಿಲ್ಲ. ಈಗ ಅದನ್ನೇ ಹೊರಗಿಂದ ಬಿಲ್ ಸಮೇತ ಹೇಳು, ಬರ್ಕೋತಾರೆ.

ನಾನು: ಅಯ್ಯೋ, ಅಲ್ಲಿಂದಲೇ ಫೋನ್ ಬರುತ್ತಿದೆ!

ನಾಲೆ: ಎತ್ತು, ಎತ್ತು. ‘ಈ ವಾರ ಬಿಡುವಿಲ್ಲ’ ಅಂತ ಮೊದ್ಲೇ ಅಂದ್ಬುಡು. ಹಂಗೇ ಚೂರು ಅತ್ಲಾಗೆ ಸರ್ಕೊ ಮಗ, ಆವಾಗಿಂದ ತೂಬಿನ ಮೇಲೇ ಕೂತಿದ್ದೀಯ. ನೀರುಗಂಟಿ ಬಂದು ಕಾಯ್ತಾವ್ನೆ.