ಜಲಧಾರಕ ಶುದ್ಧಿ ಮೀಮಾಂಸೆ: ಮಲಪ್ರಭಾ ಸೀಮೆಯ ನಾಲ್ಕು ಪಂಥಗಳು

ಪೀಠಿಕೆ

ನೀರು ಎಷ್ಟು ಕುಡಿಯಬೇಕು, ನಿಂತು ಕುಡಿಯಬೇಕೋ ಕೂತು ಕುಡಿಯಬೇಕೋ ಎಂಬುದರ ಮೇಲೆ ವಾಟ್ಸಾಪಿನಲ್ಲಿ ದಿನಕ್ಕೊಂದು ಪುರಾಣ ಹುಟ್ಟುತ್ತಿದೆ. ಆದರೆ ಆ ನೀರನ್ನು ಹೊತ್ತು ತಿರುಗುವ ಬಾಟ್ಲಿ ತೊಳೆಯುವ ವಿಷಯದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿದ್ವಾಂಸರು ಇಂದಿಗೂ ಮೌನವಾಗಿದ್ದಾರೆ. ಈ ಮಹಾ ಕೊರತೆಯನ್ನು ನೀಗಿಸಲು, ಯಾರೂ ಕೇಳದಿದ್ದರೂ, ಈ ಪ್ರಬಂಧವನ್ನು ಮಂಡಿಸಲಾಗಿದೆ.

ಅಧಿಕರಣ ಒಂದು: ಲಕ್ಷಣ

ಜಲಧಾರಕಗಳು ಮೂರು ಬಗೆ. ಮೊದಲನೆಯದು ತತ್ರಾಣಿ. ಮಣ್ಣಿನದು, ಚಪ್ಪಟೆ ಹೊಟ್ಟೆಯದು. ಒಂದು ಕಾಲಕ್ಕೆ ಚಕ್ಕಡಿಗೆ ಜೋತುಬಿದ್ದು ಹೊಲಕ್ಕೂ ಜಾತ್ರೆಗೂ ಹೋಗಿಬರುತ್ತಿತ್ತು. ಮೈಯೆಲ್ಲ ಬೆವರುವುದೇ ಅದರ ಗುಣ, ಆ ಬೆವರು ಆರುವಾಗಲೇ ಒಳಗಿನ ನೀರು ತಣ್ಣಗಾಗುತ್ತದೆ. ಎರಡನೆಯದು ತಂಪು ಪಾನೀಯ ಕುಡಿದು ಉಳಿದ ಎರಡು ಲೀಟರಿನ ಬಾಟ್ಲಿ. ಹಸಿ ಗೋಣಿತಟ್ಟು ಸುತ್ತಿಸಿಕೊಂಡು ಅದು ತತ್ರಾಣಿಯ ವೇಷ ಹಾಕುತ್ತದೆ. ಮೂರನೆಯದು ಬೆನ್ನಿಗೆ ಕಟ್ಟುವ ಜಲಚೀಲ. ಬಾಟ್ಲಿಗೆ ಬಾಯಿ, ಕೊರಳು, ಹೊಟ್ಟೆ ಅಷ್ಟೇ. ಇದಕ್ಕೆ ಮಾತ್ರ ಹೆಗಲ ಮೇಲಿಂದ ಇಳಿದುಬರುವ ಒಂದು ಕರುಳೂ ಉಂಟು.

ಈ ಮೂರನೆಯ ಬಗೆ ನಮ್ಮ ಸೀಮೆಗೆ ಬಂದದ್ದು ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುವ ಮೊಮ್ಮಗನ ಬೆನ್ನೇರಿ ಎಂಬುದು ಪ್ರಬಂಧಕಾರನ ಊಹೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಪಾದಯಾತ್ರೆ ಹೊರಟ ಅವನನ್ನು ಅಜ್ಜಿ ತಡೆದು ನಿಲ್ಲಿಸಿದಾಗ ನಡೆದಿರಬಹುದಾದ ಸಂವಾದ ಹೀಗಿದೆ:

“ಆಯೀ, ಇದಕ್ಕ ಹೈಡ್ರೇಶನ್ ಪ್ಯಾಕ್ ಅಂತಾರ.”

“ದವಾಖಾನ್ಯಾಗ ಹಚ್ಚೂ ಸಲಾಯಿನ್ ಚೀಲದಂಗ ಐತೆಲ್ಲೋ ತಮ್ಮಾ. ನಿನಗೇನಾಗೇತಿ?”

ಅಧಿಕರಣ ಎರಡು: ಪೂರ್ವಪಕ್ಷ

“ನೀರಾಗ ನೀರ ತುಂಬಿದ್ರ ಹೊಲಸ ಎಲ್ಲಿಂದ ಬರತೈತಿ?” ನಾಲ್ಕೂ ತಾಲ್ಲೂಕುಗಳಲ್ಲಿ ಈ ಸೂತ್ರಕ್ಕೆ ಎದುರಿಲ್ಲ. ಮೇಲುನೋಟಕ್ಕೆ ಇದು ಅಭೇದ್ಯ ತರ್ಕ. ಆದರೆ ಬಾಟ್ಲಿಯ ಮುಚ್ಚಳ ತೆಗೆದು, ಅದರೊಳಗಿನ ರಬ್ಬರ್ ಬಳೆಯನ್ನು ಪಿನ್ನಿನಿಂದ ಎಬ್ಬಿಸಿ ನೋಡಿ. ಬಳೆಯ ಕೆಳಗೆ ಕಾಡಿಗೆ ಎಳೆದಂಥ ಕಪ್ಪು ಗೆರೆ, ಗೆರೆಯ ಮೇಲೆ ಬೆರಳಿಟ್ಟರೆ ಜಾರುವ ಲೋಳೆ. ಗೆರೆ ಬೂಷ್ಟಿನದು, ಲೋಳೆ ಸೂಕ್ಷ್ಮಜೀವಿಗಳು ತಮಗೆ ತಾವೇ ಕಟ್ಟಿಕೊಂಡ ಮನೆ. ನಮ್ಮ ಬಾಯಿಂದಲೇ ಹೋದ ಎಂಜಲು, ಒಮ್ಮೆ ತುಂಬಿದ ಲಿಂಬು ಶರಬತ್ತಿನ ಸಕ್ಕರೆ ಇವೆರಡೇ ಸಾಕು ಅವುಗಳ ಸಂಸಾರ ನಡೆಯಲು. ಬರೀ ನೀರು ಕುಲುಕಿ ಚೆಲ್ಲಿದರೆ ಆ ಮನೆ ಬೀಳುವುದಿಲ್ಲ, ಒಳಗಿದ್ದವರಿಗೆ ಸ್ನಾನವಾಗುತ್ತದೆ, ಅಷ್ಟೇ.

ಅಧಿಕರಣ ಮೂರು: ಪಂಥಗಳು

ಬೈಲಹೊಂಗಲ ಪಂಥ ಕುಲುಕುವಾದಿ. ಬಾಟ್ಲಿಯ ಕೊರಳಲ್ಲಿ ಕೈ ಹಿಡಿಸದ ಕಾರಣ ಒಂದು ಹಿಡಿ ಅಕ್ಕಿ ಹಾಕಿ, ತುಸು ನೀರು ಬೆರೆಸಿ, ಗಿಲಕಿಯಾಡಿಸುತ್ತಾರೆ. ಅಕ್ಕಿಕಾಳು ಒಳಗೋಡೆ ಉಜ್ಜುವುದರಿಂದ ಈ ಪಂಥಕ್ಕೆ ಶಾಸ್ತ್ರದ ಬಲವಿದೆ. ಉಸುಕು ಹಾಕುವ ಉಗ್ರಶಾಖೆಯೂ ಉಂಟು. ಪ್ಲಾಸ್ಟಿಕ್ಕಿನ ಒಳಮೈ ಗೀರಿದಷ್ಟೂ ಲೋಳೆಗೆ ಕೂರಲು ಜಾಗ ಸಿಗುತ್ತದೆಂದು ಆ ಶಾಖೆಗೆ ಯಾರೂ ಹೇಳಿಲ್ಲ.

ಕಿತ್ತೂರು ಪಂಥ ಯುದ್ಧವಾದಿ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನೇ ಉರುಳಿಸಿದ ನೆಲಕ್ಕೆ ಬೂಷ್ಟು ಯಾವ ಲೆಕ್ಕ? ಕುದಿಯುವ ನೀರು ಸುರಿ, ವೈರಿಯನ್ನು ಉಳಿಸಬೇಡ ಎಂಬುದು ಇವರ ಮತ. ಸೂಕ್ಷ್ಮಜೀವಿಗಳು ಸಾಯುವುದು ನಿಜ. ಆದರೆ ಈ ಬಾಟ್ಲಿಗಳ ಪ್ಲಾಸ್ಟಿಕ್ಕು 70 ಡಿಗ್ರಿ ಆಚೀಚೆಗೇ ಮೆತ್ತಗಾಗುವುದರಿಂದ ಕೋಟೆಯೂ ಜೊತೆಗೇ ಮುರುಟುತ್ತದೆ.

ಸವದತ್ತಿ ಪಂಥ ಭಕ್ತಿವಾದಿ. “ಉಧೋ ಉಧೋ” ಎಂದು ಗುಡ್ಡ ಹತ್ತಿಳಿದು, ಜೋಗುಳಬಾವಿಯ ನೀರು ತುಂಬಿಕೊಂಡು ಮನೆಗೆ ತಂದಮೇಲೆ ಆ ಬಾಟ್ಲಿಗೆ ಸೋಪು ಮುಟ್ಟಿಸಲು ಯಾರಿಗೂ ಧೈರ್ಯ ಸಾಲದು. ಮುಂದಿನ ಹುಣ್ಣಿಮೆಯವರೆಗೂ ಅದು ಜಗುಲಿಯ ಮೇಲೆ ತುಂಬಿದಂತೆಯೇ ನಿಂತಿರುತ್ತದೆ. ಬಾಟ್ಲಿಯ ಮೈಗೆ ಹತ್ತಿದ ಭಂಡಾರದ ಹಳದಿ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಆದರೆ ಕೂತ ನೀರಿನಲ್ಲಿ ಲೋಳೆ ಕಟ್ಟುವುದು ಬೇರೆಯೇ ಸಮಸ್ಯೆ.

ರಾಮದುರ್ಗ ಪಂಥ ವಸ್ತ್ರವಾದಿ. ನೇಕಾರರ ಊರಲ್ಲವೇ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದರೆ ಎಲ್ಲವೂ ಶುದ್ಧ. ಕಸ, ಹುಳ ನಿಲ್ಲುತ್ತವೆ, ಒಪ್ಪಿದೆ. ಆದರೆ ಸೋಸಿದ ನೀರನ್ನು ತೊಳೆಯದ ಬಾಟ್ಲಿಗೇ ಹೊಯ್ಯುತ್ತಾರೆ ಎಂಬಲ್ಲಿಗೆ ಈ ಪಂಥದ ಹಾಸು ಹರಿಯುತ್ತದೆ.

ಇವಲ್ಲದೆ ಎಲ್ಲವನ್ನೂ ಬೆರೆಸುವ ಸಮನ್ವಯವಾದಿಗಳಿದ್ದಾರೆ. ಅಡುಗೆ ಸೋಡಾದ ಮೇಲೆ ಲಿಂಬೆ ಹಿಂಡಿ ನೊರೆ ಕಂಡು ಕೈಮುಗಿಯುತ್ತಾರೆ. ಸೋಡಾ, ಹುಳಿ ಎರಡೂ ಒಂದರ ಬಲವನ್ನೊಂದು ತಿಂದುಹಾಕಿದ್ದೇ ಆ ನೊರೆ. ಬ್ಲೀಚಿಗೆ ಹುಳಿ ಬೆರೆಸುವುದಂತೂ ಬೇಡವೇ ಬೇಡ. ಅದರಿಂದೇಳುವ ಕ್ಲೋರಿನ್ ಅನಿಲ ಮೊದಲು ಹಿಡಿಯುವುದು ಪಂಡಿತನ ಗಂಟಲನ್ನೇ.

ಅಧಿಕರಣ ನಾಲ್ಕು: ನಾಳಪ್ರಕರಣ

ಕಿತ್ತೂರ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲು ಮಾಡಿದ ಕಿಂಡಿಯೊಂದಿದೆ. ಜಲಚೀಲದ ನಳಿಗೆಯನ್ನು ಹಾಗೆಯೇ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಒಂದಲ್ಲ, ಇಡೀ ಕಪ್ಪು ನಕ್ಷತ್ರಮಂಡಲವೇ ಕಾಣುತ್ತದೆ. ಪರಿಹಾರ ಇಷ್ಟು: ನಳಿಗೆ, ಕಚ್ಚುವ ಮೂತಿ, ಚೀಲ ಮೂರನ್ನೂ ಬಿಡಿಸಬೇಕು. ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ, ಇಲ್ಲವೇ ಸುವಾಸನೆ ಬೆರೆಸದ ಬ್ಲೀಚಿನ ನಾಲ್ಕೈದು ಹನಿ. ಎರಡರಲ್ಲಿ ಒಂದು ಮಾತ್ರ. ನಳಿಗೆಯೊಳಗೂ ಅದೇ ನೀರು ಇಳಿಸಿ ಅರ್ಧ ತಾಸು ಬಿಡಬೇಕು. ಸಪೂರ ಬ್ರಶ್ ಇಲ್ಲದಿದ್ದರೆ ಗಟ್ಟಿ ದಾರಕ್ಕೆ ಬಟ್ಟೆಯ ಗಂಟು ಕಟ್ಟಿ ಈಚೆಯಿಂದಾಚೆ ಎಳೆಯಬೇಕು. ಕೊನೆಗೆ ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಲ್ಲಿ ಜಾಲಾಡಬೇಕು.

ಅಧಿಕರಣ ಐದು: ಸಿದ್ಧಾಂತ

ಗುಡ್ಡದಿಂದ ಮರಳಿದ ಮೊಮ್ಮಗ ಚೀಲವನ್ನು ಗೂಟಕ್ಕೆ ಹಾಕಿ ಮಲಗಿದ. ಅಜ್ಜಿ ಮೂಸಿ ನೋಡಿದಳು.

“ತೊಳದಿ?”

“ಹೂಂ ಆಯೀ, ಸೋಪ ಹಚ್ಚೇ ತೊಳದೀನಿ.”

“ಒಣಗಿಸಿದಿ?”

ಉತ್ತರ ಬರಲಿಲ್ಲ. ನಾಲ್ಕೂ ಪಂಥಗಳು ಸೋಲುವುದು ಈ ಪ್ರಶ್ನೆಗೇ. ತಿಕ್ಕುವುದರಲ್ಲಿ, ಕುದಿಸುವುದರಲ್ಲಿ, ಸೋಸುವುದರಲ್ಲಿ ಅವು ಪಳಗಿವೆ. ಒಣಗಿಸುವುದು ಮಾತ್ರ ಯಾವ ಪಂಥದ ಪಠ್ಯದಲ್ಲೂ ಇಲ್ಲ. ತೇವವಿದ್ದಲ್ಲಿ ಬೂಷ್ಟು ಮರಳಿ ಬಂದೇ ಬರುತ್ತದೆ. ಹಿಂದಿನವರು ತತ್ರಾಣಿಗೆ ಸೋಪು ತೋರಿಸುತ್ತಿರಲಿಲ್ಲ. ಹಚ್ಚಿದರೆ ಮಣ್ಣಿನ ರಂಧ್ರಗಳು ಅದನ್ನೂ ಕುಡಿದುಬಿಡುತ್ತವೆ. ಬರಿದು ಮಾಡಿ ಬಿಸಿಲಿಗೆ ಬೋರಲು ಹಾಕಿದರೆ ಮುಗಿಯಿತು.

ಇದಕ್ಕೂ ಮೇಲಿನ ಪ್ರಮಾಣ ಸವದತ್ತಿ ಎಲ್ಲಮ್ಮನ ಕಥೆಯಲ್ಲೇ ಇದೆ. ರೇಣುಕೆ ದಿನಾ ಬೆಳಗ್ಗೆ ಮಲಪ್ರಭೆಯ ಉಸುಕಿನಲ್ಲಿ ಹೊಸ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ನೀರು ತರುತ್ತಿದ್ದಳಂತೆ. ನಿತ್ಯ ಹೊಸ ಕೊಡ, ಆದ್ದರಿಂದ ತೊಳೆಯುವ ಪ್ರಶ್ನೆಯೇ ಇಲ್ಲ. ಅಷ್ಟು ತಪಸ್ಸು ನಮಗಿಲ್ಲವಾದ್ದರಿಂದ ಒಂದೇ ಬಾಟ್ಲಿಯನ್ನು ವರ್ಷಗಟ್ಟಲೆ ಹೊರುವ ನಾವು ಕನಿಷ್ಠ ಅದನ್ನು ಒಣಗಿಸಬೇಕು.

ಫಲಶ್ರುತಿ

ಈ ಪ್ರಬಂಧ ಓದಿದವರಿಗೆ ಪುಣ್ಯ ಬರುವ ಖಾತ್ರಿ ಇಲ್ಲ. ಚೀಲದ ಎರಡು ಗೋಡೆ ಅಂಟದಂತೆ ಒಳಗೊಂದು ಕಡ್ಡಿ ಸಿಕ್ಕಿಸಿ, ಬಾಯಿ ಕೆಳಗೆ ಮಾಡಿ ತೂಗುಹಾಕಿದವರಿಗೆ ಮಾತ್ರ ಮುಂದಿನ ಜಾತ್ರೆಯ ದಾರಿಯಲ್ಲಿ ಹೊಟ್ಟೆ ಹಿಡಿದು ಕೂರುವ ಪ್ರಸಂಗ ಒಂದಾದರೂ ತಪ್ಪೀತು. ಮುಚ್ಚಳದ ರಬ್ಬರ್ ಬಳೆಯನ್ನು ಇವತ್ತೇ ಎಬ್ಬಿಸಿ ನೋಡಿ. ಕಪ್ಪು ಗೆರೆ ತಿಕ್ಕಿದರೂ ಹೋಗದಿದ್ದರೆ ಶಾಸ್ತ್ರ ಬದಿಗಿಟ್ಟು ಆ ಬಾಟ್ಲಿಯನ್ನು ಗುಜರಿಯವನಿಗೆ ಕೊಟ್ಟುಬಿಡಿ.