ರೋಟಾವೇಟರ್ ಶಾಫ್ಟಿನ ಪಾಠಪರಿಷ್ಕರಣೆ: ಒಂದು ಗ್ರೀಸ್‌ಮಯ ಅಧ್ಯಯನ

ಪಂಪನ ಊರೆಂದು ಅಣ್ಣಿಗೇರಿಗೆ, ಗಾಯಕ ಸವಾಯಿ ಗಂಧರ್ವರ ಊರೆಂದು ಕುಂದಗೋಳಕ್ಕೆ ವಿದ್ವಾಂಸರು ಬಂದುಹೋಗುತ್ತಾರೆ. ಅಲ್ಲಿನ ಗ್ಯಾರೇಜುಗಳ ಕಡೆ ಯಾರೂ ಹಣಿಕಿ ಹಾಕುವುದಿಲ್ಲ. ಹೀಗಾಗಿ ಟ್ರ್ಯಾಕ್ಟರಿಗೂ ರೋಟಾವೇಟರಿಗೂ ನಡುವೆ ತಿರುಗುವ ಜಾಯಿಂಟ್ ಶಾಫ್ಟಿನ ಶಾಸ್ತ್ರಶುದ್ಧ ಆವೃತ್ತಿ ಕನ್ನಡದಲ್ಲಿ ಇನ್ನೂ ಬಂದಿಲ್ಲ.

ಮೊದಲು ಕರ್ತೃವಿಚಾರ. ಈ ಜಾಯಿಂಟಿಗೆ 16ನೇ ಶತಮಾನದ ಇಟಲಿಯ ಕಾರ್ಡಾನೊನ ಹೆಸರಿದೆ. ಇಂಗ್ಲೆಂಡಿನವರು ರಾಬರ್ಟ್ ಹುಕ್‌ನದು ಎನ್ನುತ್ತಾರೆ. ಕಾರ್ಡಾನೊ ವೈದ್ಯ, ಗಣಿತಜ್ಞ, ಜೂಜುಗಾರ. ಯೇಸುಕ್ರಿಸ್ತನ ಜಾತಕವನ್ನೂ ಬರೆದ ಈತ ಧರ್ಮದ್ರೋಹದ ಆರೋಪದ ಮೇಲೆ 1570ರಲ್ಲಿ ಜೈಲು ಕಂಡ. ನವಲಗುಂದದ ಮಿಸ್ತ್ರಿಗೆ ಈ ವಿವಾದ ಅಪ್ರಸ್ತುತ: “ಯಾರರೆ ಮಾಡಿರ್ಲಿ, ಗ್ರೀಸ್ ಹೊಡ್ಯಾಂವ ನಾನ ಅಲ್ಲೇನ್ರಿ?”

ಮೂಲಪ್ರತಿ ಶೋರೂಮಿನಲ್ಲಿದೆ. ಅದರಲ್ಲಿ ಶಾಫ್ಟಿನ ಸುತ್ತ ಪ್ಲಾಸ್ಟಿಕ್ ಕವರ್ ಉಂಟು. ಒಂದು ಹಂಗಾಮು ಕಂಡ ಹಳ್ಳಿಯ ಪ್ರತಿಗಳಲ್ಲಿ ಈ ಭಾಗ ಲುಪ್ತ. ಲೋಪದ ಅರ್ಥ ಧೋತರದ ಚುಂಗಿಗೆ ಮಾತ್ರ ಹೊಳೆಯುತ್ತದೆ, ಅದೂ ನಿಮಿಷಕ್ಕೆ 540 ಸುತ್ತಿನ ವೇಗದಲ್ಲಿ. ಪ್ರಕ್ಷಿಪ್ತವೂ ಇದೆ: ಬದುವಿನ ಕಲ್ಲು ತಾಗಿದಾಗ ತಾನು ಕಡಿದು ಗೇರ್‌ಬಾಕ್ಸ್ ಉಳಿಸಬೇಕಾದ ಶಿಯರ್ ಬೋಲ್ಟಿನ ಜಾಗದಲ್ಲಿ ಎಂದೂ ಕಡಿಯದ ಗಟ್ಟಿ ಬೋಲ್ಟು. ಕಡಿಯುವ ಹೊಣೆ ಈಗ ಗೇರ್‌ಬಾಕ್ಸಿನದು.

ಇನ್ನು ಜಾಯಿಂಟಿನ ನಡುವೆ ಕೂರುವ ಕ್ರಾಸ್ ಬದಲಿಸುವ ವಿಧಿ. ಹೆಸರು ಒಕ್ಕಿ, ಕಡಲಿ ಬಿತ್ತುವ ಮೊದಲಿನ ಗಡಿಬಿಡಿಯಲ್ಲೇ ಇದು ಕೆಡಬೇಕೆಂಬುದು ನಿಯಮ. ಎರಿ ಮಣ್ಣು ಗ್ರೀಸ್ ನಿಪ್ಪಲ್ ಮುಚ್ಚಿರುತ್ತದೆ. ಒಳಗಿನ ಬೇರಿಂಗ್ ಸೂಜಿಗಳು ಒಣಗಿ, ತುಕ್ಕು ಹಿಡಿದು, ಕೆಂಪು ಹಿಟ್ಟಾಗಿರುತ್ತವೆ. ಲಾಕ್ ಕಿತ್ತು ಒಂದು ಬದಿ ಬಡಿದರೆ ಎದುರಿನ ಬೇರಿಂಗ್ ಕಪ್ ಹೊರಬರುತ್ತದೆ. ಹೊಸ ಕಪ್ಪಿನಲ್ಲಿ ಸೂಜಿಗಳು ಗ್ರೀಸಿಗೆ ಅಂಟಿ ಸುತ್ತಲೂ ಒತ್ತೊತ್ತಾಗಿ ನಿಂತಿರುತ್ತವೆ. ಒಂದು ಸೂಜಿ ಅಡ್ಡ ಬಿದ್ದರೂ ಕಪ್ ಪೂರ್ತಿ ಇಳಿಯದು, ಲಾಕ್ ಕೂರುವ ಗೆರೆ ಕಾಣದು. ಇಲ್ಲಿ ಪಂಥಭೇದ. ಅಲ್ಪಸಂಖ್ಯಾತರು ಕಪ್ ಬಿಚ್ಚಿ ನೋಡುತ್ತಾರೆ. ಬಹುಸಂಖ್ಯಾತರದು “ಇನ್ನೊಂದ್ ಬಡಿ ತಮ್ಮಾ” ಸಂಪ್ರದಾಯ. ಬಿಡಿಭಾಗದ ಅಂಗಡಿಯವರು ಅದರ ಪೋಷಕರು.

ಆದರೆ ನಿಜವಾದ ಮೀಮಾಂಸೆ ಶಾಫ್ಟಿನ ಎರಡು ತುಂಡು ಕೂಡಿಸುವಾಗ. ಚೌಕ ಸರಳು ಚೌಕ ಕೊಳವೆಯೊಳಗೆ ನಾಲ್ಕು ಬಗೆಯಲ್ಲಿ ಹೋಗುತ್ತದೆ. ಎರಡು ತುದಿಯ ಯೋಕುಗಳ, ಅಂದರೆ ಕ್ರಾಸ್ ಹಿಡಿಯುವ ಕವಲುಗಳ, ಕಿವಿಗಳು ಒಂದೇ ನೇರಕ್ಕೆ ಬರುವ ಎರಡು ಬಗೆ ಮಾತ್ರ ಸರಿ. ಏಕೆಂದರೆ ಒಂದು ಜಾಯಿಂಟ್ 30 ಡಿಗ್ರಿ ಬಾಗಿದರೆ 540 ಸುತ್ತಿನ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ 468ಕ್ಕೆ ಇಳಿದು 624ಕ್ಕೆ ಏರುತ್ತದೆ. ಅಷ್ಟೇ ಬಾಗಿದ ಇನ್ನೊಂದು ಜಾಯಿಂಟ್ ಅದನ್ನು ಸರಿದೂಗಿಸುತ್ತದೆ. ಕಾಲು ಸುತ್ತು ತಪ್ಪಿಸಿ ಕೂಡಿಸಿದರೆ ಎರಡನೆಯದು ಮೊದಲನೆಯದಕ್ಕೆ ತಾಳ ಹಾಕಿ, ರೋಟಾವೇಟರಿಗೆ 405ರಿಂದ 720ರವರೆಗಿನ ಕುಣಿತ ಕೊಡುತ್ತದೆ. ಕುಂದಗೋಳದಲ್ಲಿ ಇಂಥ ಲಯವನ್ನು ಯಾರೂ ಕ್ಷಮಿಸರು. ಬಿಚ್ಚುವ ಮೊದಲು ಸುಣ್ಣದಿಂದ ಒಂದು ಗೆರೆ ಎಳೆದುಕೊಂಡರೆ ಈ ಗಣಿತವೆಲ್ಲ ಬೇಡ.

ಇದನ್ನು ಸಪ್ರಮಾಣವಾಗಿ ನಿವೇದಿಸಿದಾಗ ಮಿಸ್ತ್ರಿ ಕೈಯೊರೆಸಿಕೊಳ್ಳುತ್ತ ಕೇಳಿದರು: “ನಾಕರಾಗ ಎರಡು ಸರಿ ಅಂದ್ರ ನೂರಕ್ಕ ಐವತ್ತಾತಲ್ರೀ ಸರ? ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಮೂವತ್ತೈದಕ್ಕ ಪಾಸಾಗ್ಯಾನ.”